ಜೇಬಿನಲ್ಲಿದ್ದ ಪಾನಾ

ಅವರ ಅಂಗಿಯ ಎಡ ಜೇಬಿನ ಮೇಲೆ ಪಾನಾದ ಗುರುತು ಇತ್ತು. ನಟ್ಟು ಬಿಚ್ಚುವ ಆ ಪಾನಾ ದಿನವಿಡೀ ಜೇಬಿನಲ್ಲೇ ಇದ್ದು, ಬೆವರಿಗೆ ತುಕ್ಕು ಬಿಟ್ಟು, ಬಿಳಿ ಬಟ್ಟೆಯ ಮೇಲೆ ತನ್ನ ಆಕಾರವನ್ನೇ ಕೆಂಪಗೆ ಒತ್ತಿಬಿಟ್ಟಿತ್ತು. ಹೊಸ ಅಂಗಿ ಹೊಲಿಸಿದರೂ ಹದಿನೈದು ದಿನದಲ್ಲಿ ಅದೇ ಗತಿ. ಹಣೆಯ ಮೇಲೆ ಗೋಪೀಚಂದನದ ಮುದ್ರೆ, ಎದೆಯ ಮೇಲೆ ಪಾನಾದ ಮುದ್ರೆ. ಆದೋನಿಯಲ್ಲಿ ಎಲ್ಲರೂ ಅವರನ್ನು ಸೈಕಲ್ ಆಚಾರ್ರು ಅಂತ ಕರೆಯುತ್ತಿದ್ದರು. ಆ ಪಾನಾದ ವಿಷಯಕ್ಕೆ ನನಗೆ ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಅವರದು ಪೌರೋಹಿತ್ಯದ ಮನೆತನ. ಅಣ್ಣ ತಮ್ಮಂದಿರು ಪಂಚಾಂಗ ಹಿಡಿದರೆ ಇವರು ಎಮ್ಮಿಗನೂರು ರಸ್ತೆಯ ತಿರುವಿನಲ್ಲಿ ಸೈಕಲ್ ಅಂಗಡಿ ಇಟ್ಟರು. ಚರ್ಮದ ಸೀಟು ಮುಟ್ಟುವ ಬ್ರಾಹ್ಮಣ ಅಂತ ನೆಂಟರು ಶ್ರಾದ್ಧದ ಊಟಕ್ಕೆ ಕರೆಯುವುದನ್ನು ಬಿಟ್ಟರು. ಆಚಾರ್ರು ತಲೆ ಕೆಡಿಸಿಕೊಳ್ಳಲಿಲ್ಲ. ಸಂಜೆ ಬಾಗಿಲು ಹಾಕಿ, ಸೀಗೆಪುಡಿಯಿಂದ ಮೊಣಕೈವರೆಗೆ ಗ್ರೀಸು ತಿಕ್ಕಿ ತೊಳೆದು, ಸ್ನಾನ ಮಾಡಿ ಸಂಧ್ಯಾವಂದನೆಗೆ ಕೂಡುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿನಲ್ಲಿ ನನಗೆ ಎರಡು ಹುಚ್ಚು ಇದ್ದವು. ಒಂದನ್ನು ಅಪ್ಪ ಹಿಡಿಸಿದ್ದು: ಇಂಗ್ಲಿಷ್ ಟೈಪಿಂಗ್ ಹೈಯರ್ ಪಾಸಾದರೆ ಯಾವುದಾದರೂ ಆಫೀಸಿನಲ್ಲಿ ಕುರ್ಚಿ ಸಿಕ್ಕುತ್ತದೆ ಎಂಬ ಆಸೆ. ಇನ್ನೊಂದು ನನ್ನದೇ. ಆಗಸ್ಟ್ ಹದಿನೈದಕ್ಕೆ ಆದೋನಿಯಿಂದ ಎಮ್ಮಿಗನೂರಿಗೆ ಹೋಗಿಬರುವ ಸೈಕಲ್ ಪಂದ್ಯ ಇಡುತ್ತಿದ್ದರು. ಮೊದಲ ಇಬ್ಬರನ್ನು ಹೈದರಾಬಾದಿನ ದೊಡ್ಡ ಪಂದ್ಯಕ್ಕೆ ಕಳಿಸುತ್ತಿದ್ದರು. ನನಗೆ ಆ ಹೈದರಾಬಾದು ಬೇಕಾಗಿತ್ತು, ಕುರ್ಚಿಗಿಂತ ಹೆಚ್ಚಾಗಿ ಬೇಕಾಗಿತ್ತು.

ಹೋಗುವಾಗ ಏನೂ ಕಷ್ಟವಿಲ್ಲ, ಗಾಳಿಯೇ ನೂಕುತ್ತದೆ. ತಿರುಗಿ ಬರುವಾಗ ನಮ್ಮ ಕಡೆಯ ಮಳೆ ತರದ ಪಡುವಣ ಗಾಳಿ ಎದೆಗೇ ಹೊಡೆಯುತ್ತದೆ. ನೆಟ್ಟಗೆ ಕೂತವನು ಕೆಟ್ಟ. ಹಾಗಾಗಿ ನಾವು ಹುಡುಗರು ಬ್ರೇಕಿನ ಸಲಾಕೆ ಬಿಚ್ಚಿಸಿ, ಹ್ಯಾಂಡಲ್ಲನ್ನು ಉಲ್ಟಾ ತಿರುಗಿಸಿಕೊಳ್ಳುತ್ತಿದ್ದೆವು. ಹಿಡಿಕೆ ಮೊಣಕಾಲಿನ ಮಟ್ಟಕ್ಕೆ ಇಳಿಯುತ್ತಿತ್ತು, ಬೆನ್ನು ಹಲಗೆಯಂತೆ ಮಲಗುತ್ತಿತ್ತು.

ಆಚಾರ್ರಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. ಯಾರು ಸೈಕಲ್ ತಂದರೂ ಅವರ ಮೊಣಕೈಯನ್ನು ಸೀಟಿನ ಮೂತಿಗೆ ಇಡಿಸಿ, ಬೆರಳ ತುದಿ ಹ್ಯಾಂಡಲ್ಲಿಗೆ ತಾಗುತ್ತದೋ ಇಲ್ಲವೋ ನೋಡುತ್ತಿದ್ದರು. "ಸೈಕಲ್ಲು ನಿನ್ನ ಮೊಳಕ್ಕ ಇರಬೇಕಪಾ, ಪ್ಯಾಟ್ಯಾಗಿನ ಮೊಳಕ್ಕಲ್ಲ" ಅನ್ನುತ್ತಿದ್ದರು. ನನಗಂತೂ ದಿನಾ ಒಂದೇ ಪಾಠ: "ಕೈ ಮ್ಯಾಲೆ ಕೂಡಬ್ಯಾಡೋ, ಸೀಟಿನ ಮ್ಯಾಲೆ ಕೂಡು."

"ಗಾಳಿ ಐತಲ್ರಿ ಆಚಾರ್ರ, ಬಗ್ಗಬೇಕಲ್ರಿ?"

"ಬಗ್ಗು, ಯಾರು ಬ್ಯಾಡಂದ್ರು? ಮೊಣಕೈ ಮಡಚಿ ಬಗ್ಗು. ಹ್ಯಾಂಡಲ್ ಎತ್ತರ ಇದ್ರ ಬೇಕಂದಾಗ ಬಗ್ಗಬಹುದು, ಸಾಕಂದಾಗ ಏಳಬಹುದು. ಉಲ್ಟಾ ಹಾಕ್ಕೊಂಡ್ರ ಏಳೂ ದಾರಿನೇ ಇಲ್ಲ."

ಇಂಥ ಮಾತು ಹೇಳುವ ಮನುಷ್ಯ ತಾವು ಮಾತ್ರ ಎದುರುಗಾಳಿಗೆ ಧೋತರ ಹಾಯಿಯಂತೆ ಉಬ್ಬಿಸಿಕೊಂಡು, ನಡೆಯುವವರಿಗಿಂತ ನಿಧಾನಕ್ಕೆ ತುಳಿಯುತ್ತಿದ್ದರು. ಅದನ್ನು ನೋಡಿ ನಾನು ನಗುತ್ತಿದ್ದೆ. ಇವರೇನು ಪಂದ್ಯದ ಮಾತು ಆಡುತ್ತಾರೆ ಅನ್ನಿಸುತ್ತಿತ್ತು.

ನಾನು ಯಾರಿಗೂ ಹೇಳದ ಒಂದು ಸಂಗತಿ ಇತ್ತು. ಮೈಭಾರವೆಲ್ಲ ಅಂಗೈ ಮೇಲೆ ಬಿದ್ದು ಬಿದ್ದು, ಆ ವರ್ಷ ಜುಲೈ ಹೊತ್ತಿಗೆ ನನ್ನ ಎಡಗೈಯ ಕಿರುಬೆರಳು ಜೋಮು ಹಿಡಿಯುತ್ತಿತ್ತು. ಮೊದಮೊದಲು ಸೈಕಲ್ ಇಳಿದ ಗಳಿಗೆಯಲ್ಲಿ ಹೋಗುತ್ತಿತ್ತು. ಆಮೇಲೆ ಊಟದ ಹೊತ್ತಿಗೂ ಇರುತ್ತಿತ್ತು. ಪಂದ್ಯ ಮುಗಿದ ಮೇಲೆ ನೋಡಿದರಾಯಿತು ಅಂದುಕೊಂಡು ಸುಮ್ಮನಿದ್ದೆ. ಟೈಪಿಂಗ್ ಪರೀಕ್ಷೆ ಪಂದ್ಯದ ಮರುವಾರವೇ ಇತ್ತು. ಟೈಪ್ ಮಾಡಿ ಕೆಟ್ಟ ಹಾಳೆಗಳನ್ನು ಆಚಾರ್ರ ಅಂಗಡಿಗೆ ಒಯ್ದು ಕೊಡುತ್ತಿದ್ದೆ, ಗ್ರೀಸು ಒರೆಸಲಿಕ್ಕೆ.

ಪಂದ್ಯದ ಹಿಂದಿನ ದಿನ ಸೈಕಲ್ಲನ್ನು ಅವರ ಹತ್ತಿರ ಓವರಾಯಿಲಿಂಗಿಗೆ ಬಿಟ್ಟೆ. ಬೆಳಿಗ್ಗೆ ಅವರೇ ಪಂದ್ಯ ಶುರುವಾಗುವ ಗೆರೆಯ ಹತ್ತಿರ ತಂದು ನಿಲ್ಲಿಸಿದರು. ಚೈನು ಎಣ್ಣೆ ಹಚ್ಚಿಕೊಂಡು ಮಿರುಗುತ್ತಿತ್ತು. ಹ್ಯಾಂಡಲ್ಲು ನೆಟ್ಟಗೆ, ಹಾಲು ಮಾರುವವನ ಸೈಕಲ್ಲಿನಂತೆ ಮೇಲಕ್ಕೆ ನಿಂತಿತ್ತು.

ನಾನು ಹ್ಯಾಂಡಲ್ ಹಿಡಿದು ಜಗ್ಗಿದೆ. "ಏನ್ ಮಾಡೀರಿ ಆಚಾರ್ರ! ಪಾನಾ ಕೊಡ್ರಿ, ಜಲ್ದಿ!"

"ಪಾನಾ ಅಂಗಡ್ಯಾಗ ಅದ" ಅಂದರು. ಎಡಗೈಯನ್ನು ಎದೆಯ ಮೇಲೆ, ಜೇಬಿಗೆ ಅಡ್ಡವಾಗಿ ಇಟ್ಟುಕೊಂಡಿದ್ದರು.

ಇನ್ನೊಬ್ಬರನ್ನು ಕೇಳುವಷ್ಟರಲ್ಲಿ ಪಂದ್ಯ ನಡೆಸುವವರು "ಅಂದರೂ ಲೈನ್‌ಲೋಕಿ ರಂಡಿ!" ಅಂತ ತೆಲುಗಿನಲ್ಲಿ ಎಲ್ಲರನ್ನೂ ಗೆರೆಗೆ ಕೂಗಿ ಕರೆದು ಸೀಟಿ ಊದಿದರು.

ಎಮ್ಮಿಗನೂರಿನವರೆಗೆ ಬೈಯುತ್ತಲೇ ತುಳಿದೆ. ತಿರುಗಿದ ಕೂಡಲೇ ಗಾಳಿ ಮುಖಕ್ಕೆ ಬಡಿಯಿತು. ಆರು ಜನ ಮುಂದಿದ್ದರು. ಸಿಟ್ಟು ನೆತ್ತಿಗೇರಿ, ಎರಡೂ ಮೊಣಕೈಗಳನ್ನು ಹ್ಯಾಂಡಲ್ ಮೇಲೆ ಊರಿ, ಗಲ್ಲವನ್ನು ಮುಷ್ಟಿಯ ಹತ್ತಿರಕ್ಕೆ ತಂದು ಮಲಗಿಬಿಟ್ಟೆ. ಗಾಳಿ ಬೆನ್ನ ಮೇಲಿಂದ ಜಾರಿ ಹೋಯಿತು. ನಾಲ್ಕು ಜನರನ್ನು ಹಿಂದೆ ಹಾಕಿದೆ. ಎರಡನೆಯವನಿಗೂ ನನಗೂ ಹತ್ತು ಮಾರು ಉಳಿಯಿತು. ಆ ಹತ್ತು ಮಾರನ್ನು ಮಾತ್ರ ಮುಚ್ಚಲಿಕ್ಕೆ ಆಗಲಿಲ್ಲ. ಮೂರನೆಯ ಬಹುಮಾನ ಒಂದು ಸ್ಟೀಲ್ ಡಬ್ಬಿ.

ಅದನ್ನು ಹಿಡಿದುಕೊಂಡೇ ಅಂಗಡಿಗೆ ಹೋದೆ. "ಪಾನಾ ಜೇಬಿನ್ಯಾಗ ಇತ್ತಲ್ರಿ?"

"ಇತ್ತು."

"ಮತ್ತ ಇಲ್ಲಂದ್ರಿ?"

"ಅಂದೆ. ಇವತ್ತು ಏಕಾದಶಿ ಬ್ಯಾರೆ." ಮುಖ ಸಣ್ಣದಾಗಿತ್ತು. "ಕೊಟ್ಟಿದ್ರ ತಿರುಗಿಸ್ಕೋತಿದ್ದಿ."

ಆಮೇಲೆ ನಟ್ಟಿನ ಡಬ್ಬಿಯ ಕೆಳಗಿಂದ ನನ್ನವೇ ನಾಲ್ಕು ಹಾಳೆ ತೆಗೆದರು. ಗ್ರೀಸು ಒರೆಸದೆ ಇಟ್ಟುಕೊಂಡಿದ್ದರು. "ಕೈ ಒರಸೂಕಿಂತ ಮೊದಲ ಓದ್ತೀನಪಾ, ಅಕ್ಷರ ಅಲ್ಲೇನು? ನೋಡು, ಎಲ್ಲಾ ಅಕ್ಷರ ಕಪ್ಪಗವ. 'ಎ' ಒಂದೇ ಮಾಸೇದ. ವಾರದಿಂದ ವಾರಕ್ಕ ಇನ್ನೂ ಮಾಸೇದ. 'ಎ' ಒತ್ತೂ ಬೆರಳು ಯಾವುದು?"

ನಾನು ಕಿರುಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ. "ನನಗ ಒಂದ್ ಮಾತು ಹೇಳಬೇಕಿತ್ತಲ್ರಿ!"

"ವರ್ಷದಿಂದ ಹೇಳೇನಿ. ಪರೀಕ್ಷಾ ಮುಗೀಲಿ, ನಾನೇ ಉಲ್ಟಾ ಮಾಡಿ ಕೊಡ್ತೀನಿ."

ನಾನು ಸ್ಟೀಲ್ ಡಬ್ಬಿಯನ್ನು ಅವರ ಮುಂದೆ ಕುಕ್ಕಿ ಎದ್ದು ಬಂದೆ. ಮತ್ತೆ ಆ ಅಂಗಡಿಗೆ ಕಾಲಿಡಲಿಲ್ಲ. ಒಂದು ವಾರ ಸೈಕಲ್ ಮುಟ್ಟಲೂ ಇಲ್ಲ, ಬೆರಳಿಗೆ ಜೀವ ಬಂತು, ಪರೀಕ್ಷೆ ಪಾಸಾಯಿತು. ಮುಂದಿನ ವರ್ಷ ಅಲ್ಲೇ ಊರಿನ ಪುರಸಭೆಯ ಆಫೀಸಿನಲ್ಲಿ ಟೈಪಿಸ್ಟ್ ಆದೆ. ಆರ್ಡರು ಬಂದ ದಿನ ಆಚಾರ್ರಿಗೆ ಹೇಳಬೇಕೆಂದು ರಸ್ತೆಯ ತಿರುವಿನವರೆಗೆ ಹೋದೆ. ಅವರು ಯಾರದೋ ಮೊಣಕೈಯನ್ನು ಸೀಟಿಗೆ ಇಡಿಸುತ್ತಿದ್ದರು. ಅದನ್ನು ನೋಡಿದ ಕೂಡಲೇ ಹತ್ತು ಮಾರು ನೆನಪಾಯಿತು, ಹಿಂದಿರುಗಿದೆ. ನನ್ನ ಸೈಕಲ್ಲಿನ ಬಗ್ಗೆ ನನ್ನನ್ನು ಕೇಳದೆ ತೀರ್ಮಾನ ಮಾಡಲಿಕ್ಕೆ ಇವರ್ಯಾರು? ಇದನ್ನು ಈಗಲೂ ಕೇಳುತ್ತೇನೆ. ಈಜು, ಸೈಕಲ್, ಓಟ ಮೂರೂ ಇರುವ ಪಂದ್ಯವನ್ನು ಈಚೆಗೆ ಟಿವಿಯಲ್ಲಿ ನೋಡಿದೆ. ಅದರಲ್ಲಿ ಎಲ್ಲರೂ ಹ್ಯಾಂಡಲ್ ಮೇಲೆ ಮೊಣಕೈ ಊರಿ, ನಾನು ಅವತ್ತು ಮಲಗಿದಂತೆಯೇ ಮಲಗಿದ್ದರು. ಮೊಣಕೈಗೆ ಮೆತ್ತೆ ಬೇರೆ. ಆಚಾರ್ರ ಮಾತೇ ನಿಜ ಅನ್ನಿಸಿ ಇನ್ನಷ್ಟು ಸಿಟ್ಟು ಬಂತು.

ನಾನು ಕೆಲಸಕ್ಕೆ ಸೇರಿ ಆರೇಳು ವರ್ಷವಾಗಿತ್ತು. ಒಂದು ಮಧ್ಯಾಹ್ನ, ಟೀಚರಮ್ಮ ಆಗಿದ್ದ ಆಚಾರ್ರ ಮಗಳು ನನ್ನ ಮೇಜಿನ ಹತ್ತಿರ ಬಂದು ನಿಂತರು. ಅಪ್ಪ ಹೋಗಿ ಹದಿನೈದು ದಿನವಾಯಿತು, ಮರಣದ ಸರ್ಟಿಫಿಕೇಟು ಬೇಕು ಅಂದರು. ಅದೇ ಊರಿನಲ್ಲಿದ್ದೂ ನನಗೆ ಗೊತ್ತಾಗಿರಲಿಲ್ಲ.

ನಾನು ಹಾಳೆ ಏರಿಸುತ್ತಿದ್ದಾಗ ಆಕೆ ಕೇಳಿದರು, "ಇಲ್ಲೆ ಟೈಪ್ ಮಾಡವರು ನೀವೇನ್ರಿ?"

"ಹೌದ್ರಿ."

"ಅಂಗಡಿ ಲೈಸೆನ್ಸಿನ ಕಾಗದ ವರ್ಷಾ ಬರ್ತಿತ್ತಲ್ರಿ, ಅಪ್ಪ ಅದನ್ನ ಬಿಸಲಿಗೆ ಹಿಡದು ನೋಡ್ತಿದ್ದ. ಏನು ನೋಡ್ತಿ ಅಂತ ಕೇಳಿದ್ರ, 'ಎ' ಚೊಲೋ ಬಿದ್ದಾವ ಅಂತಿದ್ದ. ನಮಗೇನೂ ತಿಳೀಲಿಲ್ಲ."

ನಾನು ಆಚಾರ್ರ ಹೆಸರನ್ನು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರವಾಗಿ ಒತ್ತಿದೆ. ಅದರಲ್ಲಿ ಐದು 'ಎ' ಇದ್ದವು. ಐದೂ ಕಪ್ಪಗೆ ಬಿದ್ದವು.