ಕುಯ್ಲು ಮುಗಿದ ಮೇಲೆ ಫೋನ್ ಮಾಡಿ

ಭವ್ಯಾ, ನಿನಗೆ ಸಿಗಬೇಕಿದ್ದ ಕೆಲಸ ಕಳೆದವಳು ನಾನು. ಕಂಪನಿಯವರು ಫೋನ್ ಮಾಡಿದ್ದರು. ನಾನೇ ಎತ್ತಿದೆ, ನಾನೇ ಮಾತಾಡಿದೆ, ಆಮೇಲೆ ನಿನಗೆ ಸುಳ್ಳು ಹೇಳಿದೆ. ಎರಡು ವರ್ಷದಿಂದ ನಿನ್ನ ನಾಲಿಗೆಯನ್ನು ನೀನು ಶಪಿಸುತ್ತಿದ್ದೀಯ — ಶಪಿಸಬೇಕಾದ್ದು ನನ್ನದನ್ನು.

ಡಿಗ್ರಿ ಮುಗಿಸಿ ಮನೆಯಲ್ಲಿದ್ದೆ ನೀನು. ಮಡಿಕೇರಿಗೆ ಹೋಗಿ ಮೊದಲ ಇಂಟರ್‌ವ್ಯೂ ಕೊಟ್ಟು ಬಂದಿದ್ದೆ. ಪಾಸಾದರೆ ಫೋನ್ ಬರುತ್ತದೆ ಎಂದಿದ್ದೆ. ದಿನಾ ಬೆಳಿಗ್ಗೆ ಕೊಟ್ಟಿಗೆಯಲ್ಲಿ ನಿಂತು ದನದ ಮುಂದೆ ಇಂಗ್ಲಿಷಿನಲ್ಲಿ ನಿನ್ನ ಹೆಸರು, ಊರು, ಓದು ಎಲ್ಲ ಹೇಳುತ್ತಿದ್ದೆ.

“ಅದಕ್ಕೆ ಕನ್ನಡವೇ ನೆಟ್ಟಗೆ ತಿಳಿಯೋದಿಲ್ಲ, ಇನ್ನು ನಿನ್ನ ಇಂಗ್ಲಿಷ್ ಬೇರೆ!” ಅಂದಿದ್ದೆ ನಾನು.

“ಅದು ನಗಾಡೋದಿಲ್ಲಲ್ಲ ಅಜ್ಜಿ, ಅದಕ್ಕೇ.”

ನಾನು ನಕ್ಕೆ. ಅದೂ ಒಂದು ತಪ್ಪೇ.

ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಕೊಟ್ಟಿಗೆಯ ಕಂಬದ ಹತ್ತಿರ ಮಾತ್ರ. ಕಾಫಿ ಕುಯ್ಯಲು ತೋಟಕ್ಕೆ ಇಳಿಯುವಾಗ ನೀನು ಫೋನನ್ನು ಚೀಲಕ್ಕೆ ಹಾಕಿ ಆ ಕಂಬದ ಮೊಳೆಗೆ ತೂಗುಹಾಕುತ್ತಿದ್ದೆ. ರಿಂಗಾದರೆ ಕೂಗು ಅಜ್ಜಿ, ಎನ್ನುತ್ತಿದ್ದೆ.

ರಿಂಗಾಯಿತು. ಕೂಗಲಿಲ್ಲ.

ಒಬ್ಬ ಹುಡುಗ, ಮರ್ಯಾದೆಯಿಂದ ಮಾತಾಡಿದ. ನೀನು ಮೊದಲ ಇಂಟರ್‌ವ್ಯೂನಲ್ಲಿ ಪಾಸಾಗಿದ್ದೀಯ, ಎರಡನೆಯದಕ್ಕೆ ಬರುತ್ತೀಯಾ ಎಂದು ಸಂಜೆಯೊಳಗೆ ತಿಳಿಸಬೇಕು ಅಂದ. ನಾನು ತೋಟದ ಕಡೆ ನೋಡಿದೆ. ಆ ವರ್ಷ ಕೆಲಸಕ್ಕೆ ಜನ ಸಿಕ್ಕಿರಲಿಲ್ಲ. ಹಣ್ಣು ಗಿಡದಲ್ಲೇ ಕಪ್ಪಾಗಿ ಉದುರುತ್ತಿತ್ತು. ನಿನ್ನ ಅಪ್ಪ, ನೀನು — ಇಬ್ಬರೇ.

“ಅವಳಿಗೆ ಈಗ ಪುರ್ಸೊತ್ತಿಲ್ಲ. ಕುಯ್ಲು ಮುಗಿದ ಮೇಲೆ ಫೋನ್ ಮಾಡಿ” ಅಂದೆ.

ಹರೆಯದಲ್ಲಿ ನಾನು ಎಸ್ಟೇಟಿಗೆ ಕುಯ್ಲಿಗೆ ಹೋಗುತ್ತಿದ್ದವಳು. ಇವತ್ತು ಆಗುವುದಿಲ್ಲ ಎಂದರೆ ಆಳುಗಳ ಲೆಕ್ಕ ಬರೆಯುವ ರೈಟರು ನಾಳೆ ಬಾಗಿಲಿಗೆ ಬರುತ್ತಿದ್ದ, ನಾಡಿದ್ದೂ ಬರುತ್ತಿದ್ದ, ಅರ್ಧ ದಿನವಾದರೂ ಬಾ ಎಂದು ಗೋಗರೆಯುತ್ತಿದ್ದ. ಕೆಲಸವೆಂದರೆ ಹಾಗೇ, ಬೇಡವೆಂದಷ್ಟೂ ಹಿಂದೆ ಬರುತ್ತದೆ ಎಂದುಕೊಂಡಿದ್ದೆ. ಆದರೆ — ಅಷ್ಟೇ ಆಗಿದ್ದರೆ ನಿನ್ನಿಂದ ಮುಚ್ಚಿಡುವುದು ಯಾಕೆ? ಹೇಳಿದರೆ ನೀನು ಹೊರಟುಬಿಡುತ್ತೀಯ ಎಂದು ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಮಧ್ಯಾಹ್ನ ನೀನು ಊಟಕ್ಕೆ ಬಂದು, ಕೈ ಸಹ ತೊಳೆಯದೆ ಫೋನ್ ನೋಡಿದೆ.

“ಇದ್ಯಾರ ನಂಬರ್ ಅಜ್ಜಿ?”

“ಸಾಲ ಬೇಕಾ ಅಂತ ಕೇಳಿದ್ದು, ಯಾವನೋ.”

ಹಾಗೆ ಕೇಳುವವರು ದಿನಾ ಇದ್ದರು. ನೀನು ನಂಬಿದೆ. ಅನ್ನ ಉಂಡು ಮತ್ತೆ ಬುಟ್ಟಿ ಕಟ್ಟಿಕೊಂಡೆ.

ಕುಯ್ಲು ಮುಗಿಯಿತು. ಕಣದಲ್ಲಿ ಕಾಫಿ ಒಣಗಿತು. ಫೋನ್ ಬರಲಿಲ್ಲ. ನಿನ್ನ ಜೊತೆ ಇಂಟರ್‌ವ್ಯೂ ಕೊಟ್ಟವಳಿಗೆ ಆ ಕಂಪನಿಯಲ್ಲಿ ಕೆಲಸವಾಯಿತೆಂದು ಗೊತ್ತಾದ ದಿನ ನೀನು ಕೊಟ್ಟಿಗೆಯಲ್ಲಿ ದನದ ಕತ್ತಿಗೆ ಮುಖವಿಟ್ಟು ನಿಂತಿದ್ದೆ. “ನನ್ನ ಇಂಗ್ಲಿಷ್ ಕೇಳಿಯೇ ಬೇಡ ಅಂದಿರ್ತಾರೆ ಅಜ್ಜಿ” ಅಂದೆ. ಆಗ ಹೇಳಬಹುದಿತ್ತು. ನಾನು ಹುಲ್ಲು ಹಾಕಿ ಒಳಗೆ ಬಂದೆ. ಮರುದಿನದಿಂದ ಕೊಟ್ಟಿಗೆಯಲ್ಲಿ ನಿನ್ನ ಸ್ವರ ಕೇಳಲಿಲ್ಲ.

ಈಗ ಮಡಿಕೇರಿಯ ಅಂಗಡಿಯಲ್ಲಿ ಬಟ್ಟೆ ಮಡಚುತ್ತೀಯ. ಹೊರಗಿನವರು ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಪಕ್ಕದವಳನ್ನು ಕರೆದು ನೀನು ಹಿಂದೆ ಸರಿಯುತ್ತೀಯಂತೆ. ಮೊನ್ನೆ ಮನೆಗೆ ಬಂದಿದ್ದಾಗ ಕಾಲೇಜಿನ ಮೇಡಂ ಫೋನ್ ಮಾಡಿ, ಬರುವ ವಾರ ಇನ್ನೊಂದು ಕಂಪನಿಯವರು ಬರುತ್ತಾರೆ, ನೀನೂ ಬಾ ಅಂದರು. ಅದೇ ಕಂಬಕ್ಕೆ ಒರಗಿ ನೀನು ಹೇಳಿದೆ — “ಬೇಡ ಮೇಡಂ. ನಂಗೆ ಮಾತಾಡ್ಲಿಕ್ಕೆ ಬರೋದಿಲ್ಲ. ಸುಮ್ನೆ ನಿಮ್ಗೂ ಅವಮಾನ.”

ನೀನು ಬಸ್ಸು ಹತ್ತುವವರೆಗೂ ಹೇಳಬೇಕೆಂದು ಹಿಂದೆಯೇ ಬಂದೆ. ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅದೂ ನಿನ್ನ ತಲೆಗೇ ಇನ್ನೊಂದು ಹೊರೆ. ಇನ್ನು ಈ ಮನೆಗೆ ಬರುವುದೋ ಬಿಡುವುದೋ ನಿನ್ನಿಷ್ಟ. ಮೇಡಂಗೆ ಮಾತ್ರ ಇವತ್ತೇ ಫೋನ್ ಮಾಡು. ಅದಕ್ಕೂ ಮೊದಲು ಆ ಹುಡುಗ ಅವತ್ತು ಕೊನೆಗೆ ಹೇಳಿದ ಮಾತು ಕೇಳು. ಎರಡು ವರ್ಷ ನನ್ನ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ, ಅದು ನಿನ್ನದು.

“ಅಜ್ಜಿ, ನಿಮ್ಮ ಮೊಮ್ಮಗಳು ತುಂಬಾ ಚೆನ್ನಾಗಿ ಮಾತಾಡಿದ್ರು.”