ಲಿನ್ ಮೇಡಂ ಅವರ ಮರದಚ್ಚು ಚಿತ್ರಗಳಿಗೆ ನೀರು ನುಗ್ಗಿದಾಗ

ಬಹರೈನಿನ ರಾಜಧಾನಿ ಮನಾಮಾದ ಒಂದು ಖಾಸಗಿ ಸಂಗ್ರಹಾಲಯದಲ್ಲಿ ನಾನು ಪೇಪರ್ ಕನ್ಸರ್ವೇಟರ್ ಆಗಿ ಸೇರಿ ಆಗ ಹತ್ತು ವರ್ಷ ದಾಟಿತ್ತು. ಹಳೆಯ ನಕ್ಷೆ, ಹಸ್ತಪ್ರತಿ, ಚಿತ್ರ, ಕಾಗದದ ಮೇಲೆ ಏನೇ ಇದ್ದರೂ ಅದು ಹಾಳಾಗದಂತೆ ನೋಡಿಕೊಳ್ಳುವುದು, ಹಾಳಾದದ್ದನ್ನು ಸಾಧ್ಯವಾದಷ್ಟು ಸರಿಪಡಿಸುವುದು ನನ್ನ ಕೆಲಸ.

ಲಿನ್ ಮೇಡಂ ಪರಿಚಯವಾದದ್ದು ಅಲ್ಲಿಯೇ. ಚೀನಾದಲ್ಲಿ ಹುಟ್ಟಿ, ಯುರೋಪಿನಲ್ಲಿ ಕಲಿತು, ಗಂಡನ ಕೆಲಸದ ನಿಮಿತ್ತ ಬಹರೈನಿಗೆ ಬಂದವರು. ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ಊರೊಳಗಿನ ಹೂರಾ ಬಡಾವಣೆಯ ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿ ಅವರ ಸ್ಟುಡಿಯೋ. ಮರದ ಹಲಗೆ ಕೆತ್ತಿ ಬಣ್ಣದ ಅಚ್ಚು ತೆಗೆಯುತ್ತಿದ್ದರು. ಆ ಚಿತ್ರಗಳಲ್ಲಿ ಮನುಷ್ಯ, ಮರ, ಮನೆ ಯಾವುದೂ ಇರುತ್ತಿರಲಿಲ್ಲ. ಮಂಜಿನಂತೆ ಹರಡಿದ ನೀಲಿ, ಅದರ ಮೇಲೆ ಗಟ್ಟಿಯಾಗಿ ಕೂತ ಒಂದು ಕೆಂಪು, ಅಷ್ಟೇ. ಆ ನೀಲಿ ಚೀನಾದ ಕ್ರಮ: ನೀರಿನಲ್ಲಿ ಕಲಸಿದ ಗಿಡಮೂಲದ ಬಣ್ಣವನ್ನು ತೆಳು ಕಾಗದದ ಎಳೆಗಳಿಗೆ ಇಳಿಸುವುದು. ಕೆಂಪು ಯುರೋಪಿನ ಕ್ರಮ: ಎಣ್ಣೆಯ ಶಾಯಿಯನ್ನು ಪ್ರೆಸ್ಸಿನಲ್ಲಿ ಒತ್ತುವುದು. ಒಂದು ಬಣ್ಣ ಅಚ್ಚಾದ ಮೇಲೆ ಅದೇ ಹಲಗೆಯನ್ನು ಇನ್ನಷ್ಟು ಕೆತ್ತಿ ಮುಂದಿನ ಬಣ್ಣಕ್ಕೆ ಹೋಗುತ್ತಿದ್ದರು. ಕೊನೆಯ ಬಣ್ಣ ಮುಗಿಯುವಾಗ ಹಲಗೆಯೂ ಮುಗಿದಿರುತ್ತಿತ್ತು. ತೆಗೆಯುತ್ತಿದ್ದುದು ಒಂದೇ ಪ್ರತಿ; ಅಂದರೆ ಆ ಚಿತ್ರವನ್ನು ಮತ್ತೆಂದೂ ಅಚ್ಚು ಹಾಕುವಂತಿಲ್ಲ.

ಆರು ವರ್ಷ ಕೂತು ಮಾಡಿದ ಇಪ್ಪತ್ತು ಚಿತ್ರಗಳ ಪ್ರದರ್ಶನಕ್ಕೆ ಎರಡು ವಾರವಿತ್ತು. ಆಗ ಮಳೆ ಬಂತು. ಬಹರೈನಿನ ಮಳೆ ವರ್ಷಕ್ಕೆ ಕೆಲವೇ ದಿನ. ಜೋರಾಗಿ ಬಂದರೆ ನೀರು ಹೋಗಲು ದಾರಿಯಿಲ್ಲ. ಬೆಳಿಗ್ಗೆ ಅವರ ಫೋನ್ ಬಂತು. "ಶೈಲಜಾ, ಡ್ರಾಯರ್ ತೆಗೆಯಲು ಆಗುತ್ತಿಲ್ಲ. ಮರ ಉಬ್ಬಿದೆ."

ಮೊಣಕಾಲುದ್ದ ನೀರಿನಲ್ಲಿ ನಡೆದು ಹೋದೆ. ಬೀರುವಿನ ಕೆಳಗಿನ ಡ್ರಾಯರನ್ನು ಒಡೆದು ತೆಗೆದಾಗ ಇಪ್ಪತ್ತೂ ಹಾಳೆಗಳು ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾಗಿದ್ದವು. ಅಂಚಿನಿಂದ ನೀಲಿ ನೀರು ತೊಟ್ಟಿಕ್ಕುತ್ತಿತ್ತು.

ಒದ್ದೆ ಕಾಗದಕ್ಕೆ ಬೂಸ್ಟು ಬರುವ ಮೊದಲು ಅದನ್ನು ಹೆಪ್ಪುಗಟ್ಟಿಸಬೇಕು. ಯೋಚಿಸಲು ಸಮಯ ಸಿಗುತ್ತದೆ. ನಮ್ಮ ಸಂಗ್ರಹಾಲಯದ ಫ್ರೀಜರ್ ಚಿಕ್ಕದು. ಜುಫೈರ್‌ನ ಹೋಟೆಲೊಂದರಲ್ಲಿ ಅಡುಗೆಮನೆ ನೋಡಿಕೊಳ್ಳುವ ಮಂಗಳೂರಿನ ವಿನ್ಸೆಂಟ್ ನೆನಪಾದ. ಟ್ಯಾಕ್ಸಿಯಲ್ಲಿ ತೊಡೆಯ ಮೇಲೆ ಹಲಗೆಯಿಟ್ಟು ಅದರ ಮೇಲೆ ಕಟ್ಟನ್ನು ಒಯ್ದೆವು.

"ಎಂತದಕ್ಕಾ ಇದು? ಮೀನಿಡುವ ಜಾಗದಲ್ಲಿ ಚಿತ್ರವಾ?" ಎಂದ ವಿನ್ಸೆಂಟ್, ಲಿನ್ ಮೇಡಂ ಮುಖ ನೋಡಿ ದನಿ ತಗ್ಗಿಸಿದ. "ಅಡ್ಡಿಲ್ಲ, ಇಡುವಾ. ಒಂದು ಕಪಾಟು ಪೂರಾ ಖಾಲಿ ಮಾಡಿ ಕೊಡ್ತೇನೆ."

ಹಿಮ ನೀರಾಗದೆ ನೇರವಾಗಿ ಆವಿಯಾಗುವಂತೆ ಒಣಗಿಸುವ ಯಂತ್ರವಿದೆ. ಬಹರೈನಿನಲ್ಲಿ ಎಲ್ಲೆಲ್ಲೋ ವಿಚಾರಿಸಿದೆ, ಸಿಗಲಿಲ್ಲ. ಹೊರದೇಶಕ್ಕೆ ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ಕಳಿಸಲು ಯಾವ ಕಾರ್ಗೋದವರೂ ಒಪ್ಪಲಿಲ್ಲ. ವಿದೇಶದ ಸಹೋದ್ಯೋಗಿಗಳಿಗೆ ಫೋಟೋ ಕಳಿಸಿದರೆ ನನಗೆ ಗೊತ್ತಿದ್ದುದನ್ನೇ ಅವರೂ ಹೇಳಿದರು. ಹಾಳೆಗಳನ್ನು ಬಿಡಿಸಲು ತೇವ ಕೊಟ್ಟರೆ ನೀರಿನ ಬಣ್ಣ ಹರಿಯುತ್ತದೆ. ನೀರಿನ ಬದಲು ಸ್ಪಿರಿಟ್ಟಿನಂಥ ಸಾಲ್ವೆಂಟ್ ಮುಟ್ಟಿಸಿದರೆ ಎಣ್ಣೆಯ ಶಾಯಿ ಕರಗುತ್ತದೆ. ಎರಡು ಪರಂಪರೆಗಳನ್ನು ಒಂದೇ ಕಾಗದದಲ್ಲಿ ಕೂಡಿಸಿದ್ದು ಅವರ ಸಾಧನೆ. ನನ್ನ ಕೈ ಕಟ್ಟಿಹಾಕಿದ್ದೂ ಅದೇ.

ಕೊನೆಗೆ ಒಂದೊಂದಾಗಿ ಕರಗಿಸಿ ಬಿಡಿಸುವುದೆಂದಾಯಿತು. ಲಿನ್ ಮೇಡಂ ದಿನವೂ ಬಂದು ಎದುರು ಕೂರುತ್ತಿದ್ದರು. ಹಿಮ ಕರಗುತ್ತಿದ್ದಂತೆ ಬಣ್ಣ ಮತ್ತೆ ಹೊರಡುತ್ತಿತ್ತು. ಸುತ್ತ ಹೀರುಕಾಗದ ಒತ್ತುತ್ತಿದ್ದೆ. ಒಂದು ಕಡೆ ತಡೆದರೆ ಇನ್ನೊಂದು ಕಡೆ ಹರಿಯುತ್ತಿತ್ತು. ಅವರು ಒಮ್ಮೆಯೂ "ಬೇಗ" ಎನ್ನಲಿಲ್ಲ. ನೀಲಿಯೊಂದು ಕೆಂಪನ್ನು ದಾಟಿ ಹರಿದುಹೋಗುವಾಗ ಮಾತ್ರ ಕಿಟಕಿಯ ಕಡೆ ತಿರುಗಿದರು.

ಒಣಗಿದ ಹಾಳೆಗಳನ್ನು ನೋಡಲು, ಪ್ರದರ್ಶನ ನಡೆಯಬೇಕಿದ್ದ ಗ್ಯಾಲರಿಯ ಮಾಲೀಕ ಖಾಲಿದ್ ಬಂದರು. ಒಳ್ಳೆಯ ಮನುಷ್ಯ. ಸಮಾಧಾನ ಹೇಳಬೇಕೆಂದೇ ಹೇಳಿದರು: "ಮಾಶಾಅಲ್ಲಾ, ಮೇಡಂ, ಹೀಗೂ ಚೆನ್ನಾಗಿಯೇ ಇದೆ. ಅಬ್‌ಸ್ಟ್ರಾಕ್ಟ್ ಅಲ್ಲವೇ? ಯಾರಿಗೂ ಗೊತ್ತಾಗುವುದಿಲ್ಲ. ಹೀಗೇ ತೂಗುಹಾಕೋಣ."

"ನನಗೆ ಗೊತ್ತಾಗುತ್ತದೆ," ಎಂದರು ಲಿನ್ ಮೇಡಂ. "ಆ ನೀಲಿ ಎಲ್ಲಿ ನಿಲ್ಲಬೇಕೆಂದು ನಾನು ಒಂದು ಚಳಿಗಾಲ ಪೂರ್ತಿ ಯೋಚಿಸಿದ್ದೆ. ಇದು ಚರಂಡಿ ನೀರು ಮಾಡಿದ ಚಿತ್ರ."

ಖಾಲಿದ್ ತಲೆತಗ್ಗಿಸಿ ಹೊರಟುಹೋದರು. ಪ್ರದರ್ಶನ ರದ್ದಾಯಿತು.

ಆಮೇಲೆ ಲಿನ್ ಮೇಡಂ ಹಾಳೆಗಳ ಕೆಳಗಂಚನ್ನು ನೋಡತೊಡಗಿದರು. ಪ್ರತಿ ಚಿತ್ರದ ಕೆಳಗೂ ಪೆನ್ಸಿಲ್ಲಿನಲ್ಲಿ ಅವರ ಸಹಿ. ಪೆನ್ಸಿಲ್ ನೀರಿಗೆ ಕರಗುವುದಿಲ್ಲ. ಇಪ್ಪತ್ತು ಹಾಳೆಗಳಲ್ಲೂ ಸಹಿ ಮಾತ್ರ ಹಾಗೇ ಉಳಿದಿತ್ತು.

"ನಿನ್ನ ಹತ್ತಿರ ಮೆತ್ತಗಿನ ರಬ್ಬರ್ ಇದೆಯಲ್ಲ, ಕೊಡು."

ನನಗೆ ತಕ್ಷಣ ಅರ್ಥವಾಯಿತು. ಕಾಗದದ ಮೇಲಿನ ಒಂದು ಚುಕ್ಕೆಯನ್ನೂ ಅಳಿಸಬಾರದೆಂದು ಕಲಿತವಳು ನಾನು. "ಮೇಡಂ, ಇನ್ನು ಸ್ವಲ್ಪ ದಿನ ಬಿಟ್ಟು..." ಎಂದೆ.

"ಎಷ್ಟು ದಿನ ಬಿಟ್ಟರೂ ಇವು ನನ್ನವಾಗುವುದಿಲ್ಲ."

ಒಣಗಿದ ತೆಳು ಕಾಗದ. ಉಜ್ಜಿದರೆ ಹರಿಯುವ ಭಯ. ನಾನು ರಬ್ಬರ್ ಕೊಟ್ಟು, ಎದುರಿಗೆ ಕೂತು, ಎರಡು ಕೈಯಿಂದ ಹಾಳೆಯನ್ನು ಸಪಾಟಾಗಿ ಹಿಡಿದೆ. ಇಪ್ಪತ್ತನ್ನೂ ಹಾಗೇ ಹಿಡಿದೆ. ಒಂದೂ ಹರಿಯಲಿಲ್ಲ.

ಅಂದಿನಿಂದ ಯಾರ ವಸ್ತು ನನ್ನ ಮೇಜಿಗೆ ಬಂದರೂ "ಸರಿಹೋಗುತ್ತದೆ" ಎಂದು ಮೊದಲೇ ಹೇಳುವುದಿಲ್ಲ. ನಮ್ಮ ಕೆಲಸದಲ್ಲಿ ಕೆಲವು ಸಲ ಮಾಡಲು ಉಳಿಯುವುದು ಇಷ್ಟೇ: ಕಳೆದುಕೊಂಡವರು ಕಳೆದುಕೊಳ್ಳುವಾಗ ಕಾಗದ ಅಲುಗದಂತೆ ಹಿಡಿಯುವುದು.