ಹೊಡೆದುಹಾಕಿದ ‘ಕನಿಷ್ಠ’

‘ಮೇಡಂ, ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಮಾತು ಜೋಡಿಸಿ ಬರೆಯೋಕೂ ಬರಲ್ಲ. ಕ್ಷಮಿಸಿ.’

ಇಷ್ಟು ಬರೆಯುವಷ್ಟರಲ್ಲಿ ಚುಕ್ಕಿ ಎರಡು ಹಾಳೆ ಹರಿದು ಹಾಕಿದ್ದಳು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ಹುಡುಗಿ, ಸೋದರಮಾವನ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದಳು. ಬಿಟ್ಟುಹೋದ ಒಂದು ಚುಕ್ಕಿಯೂ ಅವಳ ಕಣ್ಣು ತಪ್ಪಿಸಿಕೊಳ್ಳುತ್ತಿರಲಿಲ್ಲ. ಅದಕ್ಕೇ ಆ ಹೆಸರು. ನಿವೃತ್ತ ಗಣಿತ ಮೇಡಂ ತಮ್ಮ ವ್ಯಾಖ್ಯೆಗಳ ಪುಸ್ತಕ ಕೊಟ್ಟಾಗ, “ನಂಗೆ ಕಣ್ಣು ಮಂಜು. ನೀನು ನೋಡಿದ್ರೆ ಸಾಕು ಕಣಮ್ಮ” ಎಂದಿದ್ದರು.

ಹನ್ನೆರಡನೇ ಪುಟದಲ್ಲಿ ಅವರು ಬರೆದದ್ದು: ‘ಕನಿಷ್ಠ ಒಂದು ಜೊತೆ ಅಭಿಮುಖ ಬಾಹುಗಳು ಸಮಾಂತರವಾಗಿರುವ ಚತುರ್ಭುಜವೇ ತ್ರಾಪಿಜ್ಯ.’ ಚುಕ್ಕಿಯ ಹಳೆಯ ಶಾಲಾ ನೋಟ್‌ಬುಕ್ಕಿನಲ್ಲಿ ‘ಒಂದೇ ಜೊತೆ’ ಎಂದಿತ್ತು. ಮೇಡಂಗೆ ಮರೆತಿರಬೇಕೆಂದುಕೊಂಡು ‘ಕನಿಷ್ಠ’ ಹೊಡೆದುಹಾಕಿ ‘ಒಂದೇ’ ಎಂದು ತಿದ್ದಿದ್ದಳು.

ಇವತ್ತು ಬೆಳಿಗ್ಗೆ ಮೊದಲ ಹದಿನಾರು ಪುಟ ಅಚ್ಚಾಗುತ್ತಿದ್ದಾಗಲೇ ಮೂವತ್ತೊಂದನೇ ಪುಟದ ಕರಡು ಕೈಗೆ ಬಂತು: ‘ಆದ್ದರಿಂದ ಪ್ರತಿ ಸಮಾಂತರ ಚತುರ್ಭುಜವೂ ತ್ರಾಪಿಜ್ಯವೇ.’ ಅವಳು ಹನ್ನೆರಡನೇ ಪುಟ ತೆಗೆದು ಮತ್ತೆ ಓದಿದಳು. ಸಮಾಂತರ ಚತುರ್ಭುಜದಲ್ಲಿ ಎರಡು ಜೊತೆ ಇರುತ್ತವಲ್ಲ! ತಾನು ತಿದ್ದಿದ ‘ಒಂದೇ’ ಉಳಿದರೆ ಈ ಮಾತು ತಪ್ಪಾಗುತ್ತದೆ.

ಫೋನಿನಲ್ಲಿ ಹುಡುಕಿದಳು. ಒಂದು ಕಡೆ ‘ಕನಿಷ್ಠ ಒಂದು’, ಇನ್ನೊಂದು ಕಡೆ ‘ಒಂದೇ’. ಬರೆದವರು ಯಾರೆಂಬುದೇ ಇಲ್ಲ. ಗ್ರಂಥಾಲಯಕ್ಕೆ ಓಡಿದಳು. ಅಲ್ಲಿನ ದಪ್ಪ ಗಣಿತ ನಿಘಂಟಿನಲ್ಲಿ ಎರಡೂ ಇದ್ದವು, ಕೆಳಗೊಂದು ಸಾಲು: ಯಾವುದನ್ನು ಆರಿಸಿಕೊಂಡರೂ ಪುಸ್ತಕ ಕೊನೆಯವರೆಗೂ ಅದನ್ನೇ ಪಾಲಿಸಬೇಕು. ಅಂದರೆ ಅವಳು ಮೊದಲು ನೋಡಬೇಕಿದ್ದದ್ದು ಮೇಡಂ ಪುಸ್ತಕದ್ದೇ ಮುಂದಿನ ಪುಟಗಳನ್ನು.

ಪ್ರೆಸ್ಸಿಗೆ ವಾಪಸ್ ಬಂದವಳೇ ಹೇಳಿದಳು, “ಮಾವ, ಮಷಿನ್ ನಿಲ್ಸಿ.”

“ಒಂದು ಪದಕ್ಕಾ?”

ಮಷಿನ್ ನಡೆಸುವ ಅಣ್ಣ ನಕ್ಕ. “ನಾಲ್ಕು ಬಾಹು ಇದ್ರೂ ಸಾಲ್ದಂತಾ ಅದಕ್ಕೆ?”

ಮಾವ ನಗಲಿಲ್ಲ. “ತಿದ್ದಿದ್ದು ಯಾರೇ?”

“ನಾನೇ. ಇನ್ನೂ ಏಳು ಕಡೆ ತಿದ್ದಿದೀನಿ ಮಾವ. ಅವಾದ್ರೂ ಸರಿನೋ ಇಲ್ವೋ...”

ಮಾವ ಸ್ವಿಚ್ಚು ಆರಿಸಿದರು. “ಮೇಡಂಗೆ ನೀನೇ ಹೋಗಿ ಹೇಳು. ಅವ್ರು ಹೂಂ ಅನ್ನೋ ತನಕ ಇದು ತಿರುಗಲ್ಲ. ಇನ್ಮೇಲೆ ನಿನ್ ಕೈಗೆ ಕರಡು ಕೊಡ್ಬೇಕೋ ಬೇಡ್ವೋ, ಅದನ್ನೂ ಅವ್ರೇ ಹೇಳ್ಲಿ.”

ದೊಡ್ಡವರೆದುರು ನಿಂತರೆ ಚುಕ್ಕಿಯ ನಾಲಿಗೆ ಹೊರಳುತ್ತಿರಲಿಲ್ಲ. ಅದಕ್ಕೇ ಈ ಚೀಟಿ. ನಡೆದದ್ದನ್ನೆಲ್ಲ ಬರೆದು, ಎರಡು ಸಲ ಓದಿ, ಕೊನೆಗೆ ಸೇರಿಸಿದಳು:

‘ಏಳು ಜಾಗದ ಪಟ್ಟಿನೂ ನಿಮ್ಮ ಹಸ್ತಪ್ರತಿನೂ ತಗೊಂಡು ಬಂದಿದೀನಿ. ಬಾಯಲ್ಲಿ ಹೇಳೋಕೆ ಆಗಲ್ಲ ಅಂತ ಈ ಚೀಟಿ ಕೊಡ್ತಿದೀನಿ.’